ಬ್ಯಾಸಗಿಯ ಐದನೇ ಆಲ್ಬಂ

ಇಳಕಲ್ಲಿನಲ್ಲಿ ಅರ್ಷದನಷ್ಟು ಹಟಮಾರಿಯನ್ನು ನಾನು ಕಂಡಿಲ್ಲ. ಹದಿನೈದು ವರ್ಷ ಅವನೊಂದಿಗೆ ಜಗಳಾಡಿದವನು ನಾನು, ಹೀಗೆ ಹೇಳಲು ನನಗೆ ಹಕ್ಕಿದೆ. ಜಗಳ ಹೊಲ-ಮನೆಯದ್ದಲ್ಲ, ಹುನಗುಂದ ಕಡೆಯ ಒಬ್ಬ ರ‍್ಯಾಪ್ ಹಾಡುಗಾರನದು. 'ಬ್ಯಾಸಗಿ' ಎಂದು ತನಗೆ ತಾನೇ ಹೆಸರಿಟ್ಟುಕೊಂಡ ಆತ ನಮ್ಮ ಮಾತಿನಲ್ಲಿ ರ‍್ಯಾಪ್ ಶುರುಮಾಡಿದಾಗ ಜನ ನಕ್ಕಿದ್ದರು. ಈಗ ಆತನ ಗಡ್ಡ ಬೆಳ್ಳಗಾಗಿದೆ.

ನಾನು ಸೀರೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಸೆರಗು ಬಿಚ್ಚಿ ತೋರಿಸುವವನು. ಅರ್ಷದ ಪಾವರಲೂಮ್ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮಗ್ಗ ನಡೆಸುವವನು. ಸಂಜೆ ಪಾಳಿ ಮುಗಿಸಿ ಅವನು ಗುರಲಿಂಗಪ್ಪನ ಚಹಾದಂಗಡಿಗೆ ಬಂದನೆಂದರೆ ವಾದ ಶುರು. ಮೊದಲನೇ ಆಲ್ಬಂ 'ಹಿನ್ನೀರ ಅಡ್ರೆಸ್', ಅಣೆಕಟ್ಟಿನ ನೀರಲ್ಲಿ ಮುಳುಗಿದ ಬ್ಯಾಸಗಿಯ ಊರಿನದು. ಮಾತು ಚೊಕ್ಕ, ಬೀಟು ಮಾತ್ರ ಡಬ್ಬಿ ಬಡಿದ ಹಾಗಿದೆ ಎಂದು ನಾನು. ಬಡವನ ಬೀಟು ಹಾಗೇ ಇರುತ್ತದೆ ಎಂದು ಅವನು. 'ಎರಡನೇ ಪಾಳಿ' ಎಂಬ ಆಲ್ಬಮ್ಮಿನಲ್ಲಿ ಒಂದೇ ಪ್ರಾಸವನ್ನು ಏಳು ಸಲ ತಿರುವಿ ಹಾಕಿದ್ದಾನೆ ಎಂದರೆ, ಎಂಟನೇ ಸಲ ತಿರುವಲಿಲ್ಲವಲ್ಲ ಎನ್ನುತ್ತಿದ್ದ. ನಾಲ್ಕನೆಯದು 'ಹೊಸ ಬೂಟು'. ಅದರಲ್ಲಿ ಪೇಟೆಯ ಗಾಯಕಿಯೊಬ್ಬಳು ನಡುನಡುವೆ ರಾಗ ಎಳೆಯುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಅವಂಗ ವಯಸ್ಸಾತಲೇ ರಾಜ್ಯಾ, ದಮ್ಮು ಸಾಲವಲ್ದು," ಎನ್ನುತ್ತಿದ್ದ ಅರ್ಷದ. "ಅಕಿ ಹಾಡೂ ಹೊತ್ತಿನ್ಯಾಗ ಇವ ಉಸಿರು ತಗೊಂತಾನ. ಅದೂ ಜಾಣತನ."

"ನಿನ್ನ ಕಿವಿ ಕೆಟ್ಟಾವಲೇ," ಎಂದು ನಾನು ವಾರಕ್ಕೆ ನಾಲ್ಕು ಸಲವಾದರೂ ಅಂದಿದ್ದೇನೆ. ಈಗ ನೆನೆದರೆ ನನ್ನ ಮೇಲೇ ನನಗೆ ಹೇಸಿಗೆಯಾಗುತ್ತದೆ.

ಪಾವರಲೂಮ್ ಶೆಡ್ಡಿನೊಳಗೆ ಹೋದವರಿಗೆ ಗೊತ್ತು, ಅಲ್ಲಿ ಯಾರ ಮಾತೂ ಯಾರ ಕಿವಿಗೂ ಬೀಳುವುದಿಲ್ಲ. ಇಪ್ಪತ್ತು ಮಗ್ಗ ಒಟ್ಟಿಗೆ ಬಡಿಯುವಾಗ ಎದುರಿಗಿದ್ದವನ ತುಟಿ ನೋಡಿ ಮಾತು ತಿಳಿಯಬೇಕು. ನೂಲು ಹರಿದದ್ದು, ಚಹಾ ಬಂದದ್ದು, ಮಾಲೀಕನ ಬೈಗುಳ, ಎಲ್ಲ ತುಟಿಯ ಮೇಲೆಯೇ. ವರ್ಷಗಟ್ಟಲೆ ಹಾಗೆ ಬದುಕಿದವನಿಗೆ ಹೊರಗೆ ಬಂದ ಮೇಲೂ ಅದೇ ರೂಢಿ. ಅರ್ಷದ ಮಾತಾಡುವವರ ಮುಖವನ್ನೇ ದಿಟ್ಟಿಸುತ್ತಾನೆ, ಏನು ಗೌರವ ಕೊಡುತ್ತಾನೆ ಎಂದುಕೊಂಡಿದ್ದೆವು ನಾವು, ಬುದ್ಧಿವಂತರು.

ಆರು ವರ್ಷ ಸುಮ್ಮನಿದ್ದ ಬ್ಯಾಸಗಿ ಕಳೆದ ತಿಂಗಳು ಐದನೇ ಆಲ್ಬಂ ಬಿಟ್ಟ. ವಿಡಿಯೊ ಇಲ್ಲ, ಬರೀ ಎಂಟು ಹಾಡು. ಚಹಾದಂಗಡಿಯ ಮೇಜಿನ ಮೇಲೆ ನನ್ನ ಫೋನಿಟ್ಟು ಹಚ್ಚಿದೆ. ಎರಡು ಹಾಡು ಮುಗಿಯುವಷ್ಟರಲ್ಲಿ ಫೋನು ಚಾರ್ಜಿಲ್ಲದೆ ಆರಿಹೋಯಿತು. ಅರ್ಷದ ಮಾತ್ರ ಕಣ್ಣು ಅರ್ಧ ಮುಚ್ಚಿ ತಲೆ ತೂಗುತ್ತಲೇ ಇದ್ದ.

"ಮೂರನೇದು ಭಾರಿ ಐತಿ ಬಿಡಲೇ," ಎಂದ ಸ್ವಲ್ಪ ಹೊತ್ತಿನ ಮೇಲೆ.

ಚೇಷ್ಟೆ ಎಂದುಕೊಂಡು ಎಲ್ಲರೂ ನಕ್ಕೆವು. ನಾನು ಎದ್ದು ಅವನ ಬೆನ್ನ ಹಿಂದೆ ಹೋಗಿ, "ಅರ್ಷದ, ನಿನ್ನ ಅಂಗಿ ಹರದೈತಿ ನೋಡು," ಎಂದೆ. ಅವನು ತಿರುಗಲಿಲ್ಲ. ಇನ್ನೂ ಜೋರಾಗಿ ಅಂದೆ. ತಲೆ ತೂಗುತ್ತಲೇ ಇತ್ತು. ನಗು ನಿಂತಿತು. ಎದುರಿಗೆ ಕೂತವರ ಮುಖ ನೋಡಿ ಅವನಿಗೆ ಎಲ್ಲ ತಿಳಿಯಿತು, ಚಹಾದ ಕಪ್ಪು ಅಲ್ಲೇ ಬಿಟ್ಟು ಎದ್ದು ಹೋದ.

ಮರುದಿನ ಮನೆಗೆ ಹೋದೆ. ಬಾಗಿಲಲ್ಲಿ ಅವನ ಹೆಂಡತಿ ನಿಖತ ನಿಂತಿದ್ದಳು.

"ಬರ್ರಿ ಅಣ್ಣಾರ. ಬಾಗಲಕೋಟಿ ದವಾಖಾನಿಗೆ ಹೋಗಿ ಬಂದು ಐದು ತಿಂಗಳಾತು. ಕಿವಿ ನರ ಸತ್ತಾವಂತ. ಮಶಿನ್ ಹಾಕಿದ್ರ ಸಪ್ಪಳ ಕೇಳತೈತಿ, ಮಾತು ಬಿಡಿಸಿ ಕೇಳೂದಿಲ್ಲ ಅಂದ್ರು. ಯಾರಿಗೂ ಹೇಳಬ್ಯಾಡ ಅಂತ ಇವರು ನನ್ನ ಕಡೆ ಆಣಿ ಹಾಕಿಸಿದ್ರು."

ಒಳಗೆ ಅರ್ಷದ ಫೋನನ್ನು ಹಣೆಗೆ ಒತ್ತಿ ಹಿಡಿದು ಕೂತಿದ್ದ. ಪೂರ್ತಿ ಸಪ್ಪಳ ಕೊಟ್ಟು ಹೊಸ ಆಲ್ಬಂ ಹಚ್ಚಿದ್ದ, ಓಣಿಗೆಲ್ಲ ಕೇಳುತ್ತಿತ್ತು.

"ಬರೇ ನಡುಗತೈತಿ ರಾಜ್ಯಾ, ಮಾತು ಬರವಲ್ದು," ಎಂದ. ಅವನ ಧ್ವನಿಯೂ ಅಳತೆ ತಪ್ಪಿತ್ತು. "ಆರು ವರ್ಷ ಕಾದೇನಿ. ಮುದುಕ ಏನಂದಾನ ನೀ ಹೇಳು. ಬಾಯಿ ಮಾಡಿ ಹೇಳು."

ಎದುರು ಕೂತು ಒಂದೊಂದು ಸಾಲು ಕೇಳಿ, ನಿಲ್ಲಿಸಿ, ತುಟಿ ಅಗಲಿಸಿ ಹೇಳತೊಡಗಿದೆ. ಆಲ್ಬಂ ಎಂಥ ಕಳಪೆ ಎಂಬುದು ಹಿಂದಿನ ದಿನ ಕೇಳಿದ ಎರಡು ಹಾಡಿನಲ್ಲೇ ನನಗೆ ಗೊತ್ತಾಗಿತ್ತು. ತನ್ನ ಕಾರು, ತನ್ನ ಕನ್ನಡಕ, ತನ್ನ ಅಭಿಮಾನಿಗಳ ಲೆಕ್ಕ. ಅಂಥ ಒಂದು ಸಾಲು ಬಂದಾಗ ಅವನ ಕಣ್ಣು ನೋಡಿದೆ. ಅದರ ಬದಲಿಗೆ ನನ್ನದೇ ಒಂದು ಸಾಲು ಹೇಳಿಬಿಟ್ಟೆ, "ನಮ್ಮೂರು ನೀರಾಗೈತಿ, ನೀರಡಿಕಿ ಹಂಗ ಐತಿ."

ಅರ್ಷದ ತೊಡೆ ತಟ್ಟಿದ. "ನೋಡ್ದೇನಲೇ? ನಾ ಅಂದಿದ್ನಿಲ್ಲ, ಮುದುಕ ಇನ್ನೂ ಅದಾನ." ಅವನ ಕಣ್ಣು ತುಂಬಿತ್ತು.

ಅದೇ ಉಮೇದಿನಲ್ಲಿ ಇನ್ನೂ ಮೂರು ಸಾಲು ಕಟ್ಟಿದೆ. ಮೂರಕ್ಕೂ ಅವನು ಕುಣಿದ. ಹದಿನೈದು ವರ್ಷ ಈ ಮನುಷ್ಯನನ್ನು ಸೋಲಿಸಲು ನೋಡಿದವನಿಗೆ ಈಗ ಕುರುಡನ ತಟ್ಟೆಯಿಂದ ಕದ್ದ ಹಾಗಾಯಿತು. ನನ್ನಿಂದ ತಡೆಯಲಾಗಲಿಲ್ಲ.

"ಅವು ಅವನ ಸಾಲಲ್ಲ. ನಾ ಕಟ್ಟಿದ್ದು," ಎಂದೆ.

"ಯಾವು?"

"ಚಲೋ ಇದ್ದವೆಲ್ಲ."

ಖರೆ ಇದ್ದದ್ದನ್ನೇ ಹೇಳು ಎಂದ ಅವನು. ಎಂಟೂ ಹಾಡು ಇದ್ದಂತೆಯೇ ಹೇಳಿದೆ. ಮುಗಿದಾಗ ನನ್ನ ದವಡೆ ನೋಯುತ್ತಿತ್ತು.

"ಹೊಸ ಬೂಟಿಗಿಂತ ಕೆಟ್ಟ ಐತಿ," ಎಂದೆ, ಬೇಕೆಂದೇ ಕೆಣಕಿ. ಅವನು ಸಿಟ್ಟಿಗೇಳಲಿ, ನನ್ನ ಅಪ್ಪನ ತನಕ ಬೈಯಲಿ ಎಂದು ಕಾದೆ.

"ಇರಬೇಕ," ಎಂದ ಅರ್ಷದ. "ಯಾವ ಮಾತು ಒತ್ತಿ ಅಂದಾನ, ಯಾವುದು ನುಂಗ್ಯಾನ, ನನಗೇನ ಗೊತ್ತು. ಇನ್ನ ಮ್ಯಾಲ ನೀ ಅಂದಿದ್ದ ಖರೆ."

ವಾದ ಮಾಡೋ, ಅರ್ಷದ, ವಾದ ಮಾಡು ಎಂದು ಅವನ ಎರಡೂ ಕೈ ಹಿಡಿದು ಬೇಡಿಕೊಂಡೆ. ಅವನು ತಲೆ ತಗ್ಗಿಸಿ ನೆಲ ನೋಡುತ್ತ ಕೂತಿದ್ದ. ನನ್ನ ತುಟಿ ಅವನಿಗೆ ಕಾಣುತ್ತಿರಲಿಲ್ಲ.