ಎಂಟು ಕಾಲಿನ ತೋಳ

ದಾಳ ಎಸೆದು ಕತೆ ಕಟ್ಟುವ ಆಟಕ್ಕೆ ಮಗಳು ಇವತ್ತು ನನ್ನನ್ನೂ ಕೂರಿಸಿಕೊಂಡಳು. "ಅಪ್ಪಾ, ರಾಕ್ಷಸ ಬಂತು!" ಎಂದು ಒಂದು ಕಾರ್ಡು ತೋರಿಸಿದಳು. ತಲೆ ತೋಳದ್ದು, ಕಾಲು ಜೇಡದ್ದು.

ನಾನು ಹುಡುಗನಾಗಿದ್ದಾಗ ತಾಳಗುಂದದ ನಮ್ಮ ಕುರಿಹಟ್ಟಿಯಲ್ಲಿ ಇವೆರಡೂ ಬೇರೆ ಬೇರೆ ಪಕ್ಷ. ತೋಳ ಕಚ್ಚಿದ ಗಾಯಕ್ಕೆ ಅಜ್ಜಿ ಜೇಡರ ಬಲೆ ಉಂಡೆ ಮಾಡಿ ಒತ್ತುತ್ತಿದ್ದಳು, ರಕ್ತ ನಿಲ್ಲುತ್ತಿತ್ತು. ಅದಕ್ಕೇ ಹಟ್ಟಿಯ ಮೂಲೆಗೆ ಪೊರಕೆ ತಾಗಿಸುವಂತಿರಲಿಲ್ಲ. ನಾನೋ, ಶಾಲೆಯಲ್ಲಿ ಸ್ವಚ್ಛತೆಯ ಪಾಠ ಕಲಿತವನು. ಒಂದು ದಿನ ಮೂಲೆ ಗುಡಿಸಿದೆ, ಬಲೆ ಬಿಡಿಸಿದೆ, ಪ್ರಾಸಬದ್ಧವಾಗಿ ಎಲ್ಲ ಕೆಡಿಸಿದೆ.

ಮರುದಿನವೇ ನಾನು ಸಾಕಿದ ಮರಿಯ ಕುತ್ತಿಗೆಗೆ ತೋಳ ಬಾಯಿ ಹಾಕಿತು. ಅಜ್ಜಿ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು, "ಬಲೆ ತಗಂಬಾರೋ ಜಲ್ದಿ" ಎಂದಳು. ನಾನು ಖಾಲಿ ಮೂಲೆ ನೋಡುತ್ತ ನಿಂತೆ. ಅವಳೂ ನೋಡಿದಳು. ಸೆರಗು ಒತ್ತಿ ಹಿಡಿದಳು, ರಕ್ತ ನಿಲ್ಲಲಿಲ್ಲ. ಮರಿ ತಣ್ಣಗಾದ ಮೇಲೆ, "ಚೆನ್ನಾಗಿ ಗುಡ್ಸೀಯಪ್ಪ" ಎಂದಳು, ಅಷ್ಟೇ. ನನಗೆ ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

"ಓಡ್ತೀಯೋ, ಹೊಡೀತೀಯೋ?" ಮಗಳು ಕೇಳಿದಳು.

"ಇದು ಸತ್ತರೆ ಬಲೆ ನಮಗೆ ಸಿಗುತ್ತಾ?"

"ಸಿಗುತ್ತೆ. ಬಲೆ ತಗೊಂಡು ಏನ್ಮಾಡ್ತೀಯಪ್ಪಾ?"

"ಇಟ್ಕೊಂಡಿರ್ತೀನಿ" ಎಂದು ದಾಳ ಎಸೆದೆ.