ಸೂರ್ಯನ ಬೆನ್ನಿನ ಕಲೆ

ದೂರದರ್ಶಕದ ಬುಡದಲ್ಲಿ ಬಿಳಿ ರಟ್ಟಿನ ಮೇಲೆ ಸೂರ್ಯನ ಬಿಂಬ ಊಟದ ತಟ್ಟೆಯಷ್ಟು ಅಗಲಕ್ಕೆ ಬಿದ್ದಿತ್ತು. ಅದರ ಪೂರ್ವದ ಅಂಚಿನಲ್ಲಿ ಆ ದಿನ ಒಂದು ಕಪ್ಪು ಕಲೆ ಕಾಣಬೇಕಿತ್ತು. ಅವಳು ಬೆಳಿಗ್ಗೆಯಿಂದ ಕಣ್ಣು ಕೀಳದೆ ಕೂತಿದ್ದಳು. ಅಂಚು ನುಣ್ಣಗಿತ್ತು.

ವೀಕ್ಷಣಾಲಯದ ಮುಖ್ಯಸ್ಥರು ಬಂದು ಬಗ್ಗಿ ನೋಡಿದರು. “ಏನ್ ಡಾಕ್ಟರಮ್ಮಾ, ನಿಮ್ಮ ನೆಂಟರು ಇನ್ನೂ ಬಂದಿಲ್ವಾ?”

“ದಾರೀಲಿದ್ದಾರೆ ಸರ್.”

“ನಾಳೆ ಒಂದಿನ ನೋಡೋಣ. ಬರ್ಲಿಲ್ಲ ಅಂದ್ರೆ ನಿಮ್ಮ ಲೆಕ್ಕಕ್ಕೆ ಕೊಟ್ಟಿರೋ ಕಂಪ್ಯೂಟರು ಬೇರೆಯವರಿಗೆ. ಬೇಜಾರು ಮಾಡ್ಕೋಬೇಡಿ.”

ಸೂರ್ಯನ ಎದೆಗೆ ಕಿವಿ ಇಡುವವಳೆಂದು ಅಲ್ಲಿ ಎಲ್ಲರಿಗೂ ಅವಳು ಡಾಕ್ಟರಮ್ಮ. ಸೂರ್ಯನ ಒಳಗೆ ಸದಾ ಶಬ್ದದ ಅಲೆಗಳು ಓಡಾಡುತ್ತವೆ. ಅವು ತಾಕಿದಾಗ ಮೇಲ್ಮೈ ಕುದಿಯುವ ಪಾತ್ರೆಯ ಮುಚ್ಚಳದಂತೆ ಏಳುತ್ತದೆ, ಬೀಳುತ್ತದೆ. ಆ ಏರಿಳಿತ ಅಳೆದು ಕಾಣದ್ದನ್ನು ತಿಳಿಯುವುದು ಅವಳ ಕೆಲಸ. ಆಚೆ ಬದಿಯಲ್ಲಿ ದೊಡ್ಡ ಕಲೆಯಿದ್ದರೆ, ಅಲ್ಲಿಗೆ ಹೋದ ಅಲೆ ತುಸು ಬೇಗ ಮರಳುತ್ತದೆ. ಅದನ್ನೇ ನಂಬಿ, ಸೂರ್ಯನ ಬೆನ್ನಲ್ಲೊಂದು ಕಲೆಯಿದೆ, ಇಂಥ ದಿನ ಈಚೆಗೆ ತಿರುಗುತ್ತದೆ ಎಂದು ಅವಳು ಎಲ್ಲರೆದುರು ಹೇಳಿಬಿಟ್ಟಿದ್ದಳು.

ಸಂಜೆ ಅಪ್ಪನ ದರ್ಜಿ ಅಂಗಡಿಗೆ ಹೋದಳು. ಅವರು ದಾರ ಕಚ್ಚಿಕೊಂಡೇ ಕೇಳಿದರು. “ಬಂತಾ?”

“ಇಲ್ಲಪ್ಪ. ನಾಳೆ.”

ಹೊಲಿಗೆ ಯಂತ್ರ ನಿಂತಿತು. “ಅಷ್ಟೆಲ್ಲ ಓದಿ ಕೊನೆಗೆ ನಮ್ಮ ಕಸುಬಿಗೇ ಬಂದೆ ಬಿಡು. ನಾನು ಗಿರಾಕಿಗಳಿಗೆ ದಿನಾ ಹೇಳೋದು ಅದನ್ನೇ.”

“ನಿನ್ನ ನಾಳೆನೇ ಬೇರೆ, ನನ್ನ ನಾಳೆನೇ ಬೇರೆ.”

“ಹೌದಮ್ಮ. ನಾನು ಹೇಳುವಾಗ ಬಟ್ಟೆ ಕತ್ತರಿಸೇ ಇರಲ್ಲ.”

ನಗುತ್ತಲೇ ಅವಳು ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಲೆಕ್ಕವನ್ನು ಮೊದಲಿನಿಂದ ನೋಡಿದಳು. ತಪ್ಪು ಸಿಕ್ಕಿತು. ಸೂರ್ಯ ಗಟ್ಟಿ ಚೆಂಡಲ್ಲ; ಅವನ ನಡು ಬೇಗ ತಿರುಗುತ್ತದೆ, ಧ್ರುವಗಳ ಕಡೆ ಹೋದಷ್ಟೂ ನಿಧಾನ. ಕಲೆಯಿದ್ದದ್ದು ನಡುವಿನಿಂದ ಬಹಳ ಮೇಲೆ. ಅವಳು ದಿನ ಎಣಿಸಿದ್ದು ನಡುವಿನ ವೇಗದಲ್ಲಿ. ಹೊಸ ವಿದ್ಯಾರ್ಥಿಗಳಿಗೆ ತಾನೇ ಹೇಳಿಕೊಡುವ ಪಾಠ. ಹಣೆ ಚಚ್ಚಿಕೊಂಡು ಮತ್ತೆ ಎಣಿಸಿದಳು; ಸರಿಯಾಗಿ ಒಂದು ದಿನ ತಡ. “ಅಪ್ಪಾ, ನಾಳೆ ಅಂದ್ರೆ ನಾಳೆನೇ.”

ಮರುದಿನ ಬೆಳಿಗ್ಗೆ ಅಂಚಿನಲ್ಲಿ ಉಗುರಿನ ತುದಿಯಂಥ ಒಂದು ಕಪ್ಪು ಗೆರೆ ಮೂಡಿತ್ತು. ಮುಖ್ಯಸ್ಥರು ಧೂಳಿರಬೇಕೆಂದು ಹೆಬ್ಬೆರಳಿನಿಂದ ರಟ್ಟನ್ನು ಒರೆಸಿದರು. ಕಲೆ ಅವರ ಹೆಬ್ಬೆರಳ ಮೇಲೆಯೇ ಬಂದು ಕೂತಿತು. ಅದನ್ನು ಸ್ವಲ್ಪ ಹೊತ್ತು ನೋಡಿ, “ಕಂಪ್ಯೂಟರು ಇಟ್ಕೊಳ್ಳಿ” ಎಂದರು.

ಕಲೆ ಈ ಬದಿ ದಾಟಲು ಸುಮಾರು ಎರಡು ವಾರ ಬೇಕು. ಶನಿವಾರ ಅವಳ ಅಪ್ಪ ಅದನ್ನು ನೋಡಲು ಬರುತ್ತಿದ್ದಾರೆ. ಅಂಗಡಿಯ ಬಾಗಿಲಿಗೆ ತೂಗುಹಾಕಲು ‘ನಾಳೆ ಬನ್ನಿ’ ಎಂಬ ಫಲಕ ಬರೆದಾಗಿದೆ.