ನಿಯ್ಯತ್ತಿಗೆ ಮೊದಲಿನ ಜಗಳ

ನಮ್ಮ ಅಬ್ಬಾ ಬಾಯಿ ಮುಚ್ಚಿಕೊಂಡು ಸರದಿಯಲ್ಲಿ ನಿಂತದ್ದನ್ನು ನಾನು ಮೊದಲ ಸಲ ನೋಡಿದ್ದು ವಿಮಾನ ನಿಲ್ದಾಣದಲ್ಲಿ. ಹುಮನಾಬಾದಿನ ಧಾನ್ಯದ ಪೇಟೆಯಲ್ಲಿ ಆಯುಷ್ಯವಿಡೀ ಚೀಲ ಹೊತ್ತ ಮನುಷ್ಯ ಅವರು. ತೊಗರಿ ಲಾರಿಗಳ ಗದ್ದಲದಲ್ಲಿ ಮಾತು ಕೇಳಿಸಬೇಕಾದರೆ ಒದರಲೇಬೇಕು. ಹಾಗೆ ಒದರಿ ಒದರಿ, ಮನೆಯಲ್ಲಿ ನೀರು ಕೇಳಿದರೂ ಓಣಿಯ ಆಚೆ ತುದಿಗೆ ಗೊತ್ತಾಗುತ್ತಿತ್ತು. ಜಗಳ ಅವರಿಗೆ ಸಿಟ್ಟಿನ ವಿಷಯವಲ್ಲ, ಕೆಲಸ ಮಾಡಿಸಿಕೊಳ್ಳುವ ರೀತಿ.

ಆ ಜಗಳಗಳಿಂದಲೇ ನಾನು ಓದಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ಮೊದಲನೆಯವಳು ನಾನು. ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಹುಡುಗಿಗೆ ಇಷ್ಟು ಓದು ಯಾಕೆಂದ ನೆಂಟರೊಂದಿಗೆ ಜಗಳ, ಕೈ ಮಾಡಿದರೂ ಬಸ್ಸು ನಿಲ್ಲಿಸದೆ ಹೋದ ಕಂಡಕ್ಟರನೊಂದಿಗೆ ಜಗಳ, ವಿಜ್ಞಾನ ಕಷ್ಟ, ಬೇರೆ ಏನಾದರೂ ತೆಗೆದುಕೊಳ್ಳಲಿ ಎಂದ ಕಾಲೇಜಿನ ಗುಮಾಸ್ತನೊಂದಿಗೆ ಜಗಳ. ಈಗ ನಾನು ಬಸವಕಲ್ಯಾಣದ ಹೈಸ್ಕೂಲೊಂದರಲ್ಲಿ ಅದೇ ವಿಜ್ಞಾನ ಕಲಿಸುತ್ತೇನೆ.

ಅಬ್ಬಾ, ಅಮ್ಮಿ ಇಬ್ಬರನ್ನೂ ಮಕ್ಕಾದ ಉಮ್ರಾ ಯಾತ್ರೆಗೆ ಕರೆದೊಯ್ಯಬೇಕೆಂದು ಹಟ ಹಿಡಿದವಳು ನಾನೇ. ಹಿಂದೆ ಪೇಟೆಯ ಸಾಹುಕಾರರೊಬ್ಬರು ತಮ್ಮ ತಂಡದೊಂದಿಗೆ ಅಬ್ಬಾನನ್ನು ಕಳಿಸುತ್ತೇನೆಂದಿದ್ದರು. "ಆಕಿನ್ನ ಮನ್ಯಾಗ ಬಿಟ್ಟು ನಾ ಒಬ್ಬನೇ ಮಕ್ಕಾ ನೋಡ್ಲೇನ್ರಿ?" ಎಂದು ಅಬ್ಬಾ ಬೇಡವೆಂದರು. ಹೋದರೆ ಇಬ್ಬರೂ ಕೂಡಿಯೇ ಹೋಗಬೇಕು, ಕಾಬಾ ಕಣ್ಣಿಗೆ ಬೀಳುವಾಗ ಇಬ್ಬರೂ ಪಕ್ಕಪಕ್ಕದಲ್ಲಿ ನಿಂತಿರಬೇಕು. ಅವರಿಬ್ಬರಿಗೆ ಬೇರೆ ಆಸೆ ಇದ್ದದ್ದನ್ನು ನಾನು ಕಂಡಿಲ್ಲ.

ಹೊರಡುವ ಮೊದಲು ಮಸೀದಿಯ ಹಜರತರು ಅಬ್ಬಾನನ್ನು ಎದುರು ಕೂಡಿಸಿಕೊಂಡು ಹೇಳಿದರು: "ನೋಡ್ರಿ, ಇಹ್ರಾಮ್‌ದಾಗ ಜಗಳಿಲ್ಲ, ಬೈಗುಳಿಲ್ಲ. ಸೊಳ್ಳಿ ಸುದ್ದಾ ಹೊಡೀಬಾರ್ದು." ಇಹ್ರಾಮ್ ಎಂದರೆ ಯಾತ್ರೆಯ ವ್ರತದ ಸ್ಥಿತಿ. ಅದಕ್ಕಾಗಿ ಗಂಡಸರು ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ ಸುತ್ತಿಕೊಳ್ಳುತ್ತಾರೆ. ಆಮೇಲೆ ಗೊತ್ತುಪಡಿಸಿದ ಗಡಿ ಬಂದಾಗ ನಿಯ್ಯತ್ ಮಾಡಬೇಕು, ಅಂದರೆ ಮನಸ್ಸಿನಲ್ಲಿ ಸಂಕಲ್ಪ ತೊಡಬೇಕು. ವ್ರತ ಶುರುವಾಗುವುದು ಅಲ್ಲಿಂದ. ಹಜರತರು ಇದನ್ನೂ ಬಿಡಿಸಿ ಹೇಳಿದ್ದರು. ಅಬ್ಬಾನ ಕಿವಿಗೆ ಬಿದ್ದದ್ದು ಜಗಳ, ಸೊಳ್ಳೆ, ಬಟ್ಟೆಯ ಮಾತು ಮಾತ್ರ. ಮನೆಯಲ್ಲೇ ಬಿಳಿ ಬಟ್ಟೆ ಸುತ್ತಿಕೊಂಡರು. ಬಟ್ಟೆಗೆ ಇಲ್ಲದ ಹೊಲಿಗೆ ತುಟಿಗೆ ಬಿತ್ತು. ಹೈದರಾಬಾದಿಗೆ ಹೋಗುವಾಗ ಮನ್ನಾಏಖೇಳ್ಳಿಯಲ್ಲಿ ಚಹಾಕ್ಕೆ ನಿಂತೆವು. ಆರಿ ತಣ್ಣಗಾದ ಚಹಾ ಬಂತು. ಅಬ್ಬಾ ಮಾತಿಲ್ಲದೆ ಕುಡಿದರು. ಅಮ್ಮಿ ಅವರ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸೊಂಟದ ಬಟ್ಟೆಗೆ ಬಿಗಿದಿದ್ದ ಬೆಲ್ಟು ಬಿಚ್ಚಿ ಟ್ರೇಯಲ್ಲಿಡಲು ಹೇಳಿದರು. ಆ ಬೆಲ್ಟಿನ ಮೇಲೆಯೇ ಅಬ್ಬಾನ ಮಾನ ನಿಂತಿತ್ತು. ಬಿಚ್ಚಿಟ್ಟು, ಬಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಮುಂದೆ ಹೋದರು. ಈಗ ಕೈ ಮೇಲೆತ್ತಿ ಎಂದರು. ಒಂದು ಕೈ ಎತ್ತಿದರು. ಇನ್ನೊಂದೂ ಎತ್ತಿ ಎಂದರು. ಎತ್ತಿದ ಕೈ ಇಳಿಸಿ ಇನ್ನೊಂದನ್ನು ಎತ್ತಿದರು. ಬೇರೆ ದಿನವಾಗಿದ್ದರೆ ಅಲ್ಲೊಂದು ಪಂಚಾಯಿತಿ ಸೇರುತ್ತಿತ್ತು. ತಪಾಸಣೆಯವನಿಗೇ ನಗು ಬಂದು, ಹಾಗೆಯೇ ಪರೀಕ್ಷಿಸಿ ಬಿಟ್ಟ.

ನಿಜವಾದ ಪರೀಕ್ಷೆ ಇದ್ದದ್ದು ಕೊಲ್ಲಿಯ ದೇಶದ ನಿಲ್ದಾಣದಲ್ಲಿ. ಜೆಡ್ಡಾಕ್ಕೆ ಅಲ್ಲಿ ವಿಮಾನ ಬದಲಿಸಬೇಕಿತ್ತು. ನಮ್ಮ ಮೊದಲ ವಿಮಾನವೇ ತಡವಾಗಿ ಇಳಿಯಿತು. ಅಮ್ಮಿಯ ಮೊಣಕಾಲು ನೋವು ಹಿಡಿದು ಬಹಳ ವರ್ಷವಾಗಿದೆ. ಆಕೆಯನ್ನು ಒಂದು ಕಡೆ ಅಬ್ಬಾ, ಒಂದು ಕಡೆ ನಾನು ಹಿಡಿದು ನಡೆದೆವು. ಬೋರ್ಡು ತೋರಿಸಿದ ಕಡೆ ಹೋದರೆ ಇನ್ನೊಂದು ಬೋರ್ಡು. ನಿಲ್ದಾಣದ ಒಳಗೇ ಒಂದು ರೈಲು. "ಇದ್ರಾಗ ಕುಂತ್ರ ಸೀದಾ ಜೆಡ್ಡಾ ಹೋಗ್ತದೇನು?" ಎಂದಳು ಅಮ್ಮಿ. ರೈಲಿನಿಂದ ಇಳಿದಾಗ ಗೇಟು ಬದಲಾಗಿತ್ತು. ಆ ಗೇಟಿಗೆ ಮುಟ್ಟುವಷ್ಟರಲ್ಲಿ ವಿಮಾನ ಹೋಗಿತ್ತು.

ಸಹಾಯ ಕೌಂಟರಿನ ಮುಂದೆ ನಮ್ಮಂತೆ ವಿಮಾನ ತಪ್ಪಿದವರ ದೊಡ್ಡ ಸರದಿ. ಎರಡು ದೊಡ್ಡ ಪೆಟ್ಟಿಗೆ ಎಳೆದುಕೊಂಡು ಬಂದ ಕೋಟಿನವನೊಬ್ಬ ನೋಡನೋಡುತ್ತ ಅಬ್ಬಾನ ಮುಂದೆ ಸೇರಿಕೊಂಡ. ಅಬ್ಬಾನ ಕುತ್ತಿಗೆಯ ನರ ಉಬ್ಬಿತು. ಕಣ್ಣು ಮುಚ್ಚಿ ಏನೋ ಪಠಿಸಿದರು. ಅವನ ಕೆಲಸ ನಮಗಿಂತ ಮುಂಚೆ ಮುಗಿಯಿತು.

ನಮ್ಮ ಸರದಿ ಬಂದಾಗ ಕೌಂಟರಿನ ಹುಡುಗಿ ಪರದೆ ನೋಡಿ ಇಂಗ್ಲಿಷಿನಲ್ಲಿ ಹೇಳಿದಳು: ಮುಂದಿನ ವಿಮಾನದಲ್ಲಿ ಎರಡೇ ಸೀಟು, ಹೆಂಗಸರಿಬ್ಬರೂ ಹೋಗಲಿ, ಈ ಹಿರಿಯರು ನಾಳೆ ಬರಲಿ. ನಾನು ಅದನ್ನು ತಿಳಿಸಿ ಹೇಳಿದ್ದೇ ಅಮ್ಮಿ ನೆಲದ ಮೇಲೆ ಕೂತುಬಿಟ್ಟಳು.

"ಇವ್ರನ್ನ ಬಿಟ್ಟು ನಾ ಎಲ್ಲೂ ಹೋಗಾಂಗಿಲ್ಲ. ಬೇಕಂದ್ರ ನನ್ನ ಹುಮನಾಬಾದಿಗಿ ವಾಪಸ್ ಕಳಸು."

ಅಬ್ಬಾ ಮೆತ್ತಗೆ ಅಂದರು, "ಹೋಗ್ರಿ ನೀವು. ನಾ ಇಲ್ಲೇ ಬಾಕ ಮ್ಯಾಲ ಮಲಕೊಂಡು ನಾಳಿ ಬರ್ತೀನಿ." ಆ ದೊಡ್ಡ ದನಿ ಅಷ್ಟು ಸಣ್ಣದಾದದ್ದು ನನಗೆ ಸಹಿಸಲಾಗಲಿಲ್ಲ. ನಾನು ಕೌಂಟರಿಗೆ ಮೊಣಕೈ ಊರಿದೆ. ನನ್ನ ನಿಲುವು ನೋಡಿಯೇ ಅಬ್ಬಾಗೆ ಗೊತ್ತಾಯಿತು.

"ಬ್ಯಾಡ ಬೇಟಾ. ಜಗಳ ಆದ್ರ ಉಮ್ರಾ ಕೆಡ್ತದ."

"ನಿಯ್ಯತ್ ಎಲ್ಲಿ ಮಾಡೀವಿ ಅಬ್ಬಾ? ಅದು ಮುಂದ ವಿಮಾನದಾಗ. ಬಟ್ಟಿ ಬ್ಯಾರೆ, ನಿಯ್ಯತ್ ಬ್ಯಾರೆ. ಅಲ್ಲೀತನ ನಾವು ಬರೇ ಹುಮನಾಬಾದ್‌ನವ್ರು."

"ಖರೇನು?"

"ಹಜರತರೇ ಹೇಳ್ಯಾರಲ್ಲ. ನೀವು ಸೊಳ್ಳಿ ಮಾತಿನ್ಯಾಗ ಇದ್ರಿ."

ನನ್ನ ಇಂಗ್ಲಿಷ್ ಯಾವ ಕಾನ್ವೆಂಟಿನದ್ದೂ ಅಲ್ಲ. ಡಿಗ್ರಿ ಓದುವಾಗ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ಬಿಡಿಸಿ ಕಲಿತದ್ದು. ಅದಕ್ಕೇ ಅದರಲ್ಲಿ ನಯದ ಸುತ್ತುಮಾತು ಕಡಿಮೆ. ತಡ ಮಾಡಿದ್ದು ನೀವು, ನಾವಲ್ಲ, ಎಂದೆ. ಒಂದೇ ಬುಕಿಂಗಿನ ಮೂವರಲ್ಲಿ ಒಬ್ಬರನ್ನು ಬಿಡಲು ಯಾರು ಆರಿಸಿದರು, ಯಾಕೆ ಎಂದು ಕೇಳಿದೆ. ಕಂಪ್ಯೂಟರ್ ಎಂದಳು. ಕಂಪ್ಯೂಟರಿನ ಮೇಲಿನವರನ್ನು ಕರೆಯಿರಿ ಎಂದೆ. ದಯವಿಟ್ಟು ಪಕ್ಕಕ್ಕೆ ಸರಿಯಿರಿ ಎಂದಳು. ಸರಿಯುವುದಿಲ್ಲ ಎಂದೆ. ಹಿಂದೆ ಗೊಣಗಾಟ ಶುರುವಾಯಿತು. ತರಗತಿ ತುಂಬ ಹದಿಹರೆಯದವರನ್ನು ದಿನಾ ಸಂಭಾಳಿಸುವವಳಿಗೆ ಅದೇನು ಮಹಾ.

ಅಷ್ಟರಲ್ಲಿ ಇನ್ನೊಬ್ಬ ಸರದಿ ಬಿಟ್ಟು ಪಕ್ಕದಿಂದ ಕೌಂಟರಿಗೆ ಕೈ ಚಾಚಿದ. ಅಬ್ಬಾ ನನ್ನತ್ತ ನೋಡಿ, "ಇನ್ನೂ ಆಗಿಲ್ಲ ಅಂತಿ ಅಲಾ?" ಎಂದರು. ಆಗಿಲ್ಲ ಎಂದೆ.

"ಏ ಭಾಯ್‌ಸಾಬ್! ಎಲ್ಲಿ ತೂರಾಕತ್ತೀರಿ? ಲೈನ್ ಅಲ್ಲಿಂದ ಅದ, ಅಲ್ಲಿಂದ!"

ಆ ಸಭಾಂಗಣದಲ್ಲಿ ಎಷ್ಟು ದೇಶದವರಿದ್ದರೋ, ಎಲ್ಲರೂ ತಿರುಗಿ ನೋಡಿದರು. ಕನ್ನಡ ಒಂದಕ್ಷರವೂ ಬಾರದ ಆ ಮನುಷ್ಯ ಅರ್ಥ ಮಾಡಿಕೊಂಡು ಸರದಿಯ ತುದಿಗೆ ಹೋಗಿ ನಿಂತ. ನೆಲದ ಮೇಲೆ ಕೂತಿದ್ದ ಅಮ್ಮಿ, "ಅಲ್ಹಮ್ದುಲಿಲ್ಲಾ, ಜ್ವರ ಬಿಡ್ತು" ಎಂದಳು.

ಗದ್ದಲ ಕೇಳಿ ಮೇಲಧಿಕಾರಿ ಬಂದ. ಅವನಿಗೂ ಅದನ್ನೇ ಹೇಳಿದೆ: ಹೋದರೆ ಮೂವರು, ಉಳಿದರೆ ಮೂವರು. ಆ ಎರಡು ಸೀಟು ಬೇರೆ ಯಾರಿಗಾದರೂ ಕೊಡಿ, ಇವತ್ತೇ ಹೋಗುವ ಯಾವುದಾದರೂ ವಿಮಾನದಲ್ಲಿ ನಮಗೆ ಮೂರು ಕೊಡಿ. ಅವನು ಬಹಳ ಹೊತ್ತು ಕೀಲಿಮಣೆ ಒತ್ತಿದ. ಸಂಜೆಯ ವಿಮಾನದಲ್ಲಿ ಮೂರು ಸಿಕ್ಕವು, ಕಟ್ಟಕಡೆಯ ಸಾಲಿನಲ್ಲಿ, ಪಾಯಖಾನೆಯ ಪಕ್ಕ. ನಾನು ಕಾಗದ ಕೈಗೆ ತೆಗೆದುಕೊಂಡು, ಮೂವರ ಹೆಸರೂ ಓದಿ ನೋಡುವವರೆಗೆ ಕೌಂಟರು ಬಿಡಲಿಲ್ಲ.

ಸಂಜೆ ಅಬ್ಬಾ, ಅಮ್ಮಿ ಪಕ್ಕಪಕ್ಕ ಕೂತರು. ಮುಂದಿನ ಸೀಟಿನವನು ತನ್ನ ಸೀಟನ್ನು ಅಬ್ಬಾನ ಎದೆಯ ತನಕ ಒರಗಿಸಿದ. ಅಬ್ಬಾ ನನ್ನ ಕಡೆ ಬಾಗಿ ಕೇಳಿದರು, "ಗಡಿ ಬಂತೇನು?"

"ಇನ್ನೂ ಸ್ವಲ್ಪ ಅದ."

"ಏನ್ ಅನ್ನೂದದ ಲಗೂನ ಅಂದು ಮುಗಸ್ರಿ," ಎಂದಳು ಅಮ್ಮಿ.

ಅಬ್ಬಾ ಅವನ ಹೆಗಲು ತಟ್ಟಿ, ಸೀಟಿನ ಬಗ್ಗೆ, ಅವನ ಉದ್ದ ಕಾಲಿನ ಬಗ್ಗೆ, ಹಿಂದೆ ಕೂತವರೂ ಮನುಷ್ಯರೇ ಎಂಬುದರ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಹೇಳಿದರು. ಸೀಟು ನೆಟ್ಟಗಾಯಿತು. ಆಮೇಲೆ ಗಡಿ ಹತ್ತಿರ ಬಂತೆಂಬ ಘೋಷಣೆ ಕೇಳಿಸಿತು. ಇಬ್ಬರೂ ಕಣ್ಣು ಮುಚ್ಚಿ ನಿಯ್ಯತ್ ಮಾಡಿದರು. ನಾನೂ ಮಾಡಿದೆ.

ಜೆಡ್ಡಾದ ಸರದಿ ಎಲ್ಲಕ್ಕಿಂತ ಉದ್ದವಾಗಿತ್ತು. ಒಂದು ಇಡೀ ಕುಟುಂಬ ನಮ್ಮ ಮುಂದೆ ಬಂದು ಸೇರಿಕೊಂಡಿತು. ಅಬ್ಬಾ ನನ್ನನ್ನು ನೋಡಿದರು, ನಾನು ಅಬ್ಬಾನನ್ನು ನೋಡಿದೆ. ಅಮ್ಮಿ ಅಬ್ಬಾನ ತೋಳು ಹಿಡಿದು ಒಂದು ಹೆಜ್ಜೆ ಹಿಂದೆ ಸರಿದು ಅವರಿಗೆ ಜಾಗ ಬಿಟ್ಟಳು.